ಗಾಡಿಗೆ ಯಾವ ಇಂಜಿನ್?

ನಮ್ಮ ಮತ್ತೋಡು ಸೀಮೆಯಲ್ಲಿ ತೆಂಗಿನ ತೋಟಗಳಿವೆ. ಕಾಯಿ ಹೊಸದುರ್ಗಕ್ಕೆ ಹೋಗಬೇಕು. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಗೊಬ್ಬರ, ಹಿಂಡಿ, ಸಿಮೆಂಟು ಊರಿಗೆ ಬರಬೇಕು. ಇದಕ್ಕೆಲ್ಲ ಲಗೇಜು ಗಾಡಿ ಬೇಕು. ಎಷ್ಟೋ ಮನೆಗಳಿಗೆ ಆ ಗಾಡಿಯೇ ಅನ್ನ.

ಟಾಟಾ ಏಸ್ ಎಂಬ ಸಣ್ಣ ಗಾಡಿ 2005ರಲ್ಲಿ ಬಂತು. ಅದನ್ನು ಜನ ಚೋಟಾ ಹಾಥಿ ಅಂತಲೂ ಕರೆದರು. ಅಂದರೆ ಸಣ್ಣ ಆನೆ. ಆಗಿನ ಅದರ ಡೀಸೆಲ್ ಇಂಜಿನ್‌ಗೆ ಎರಡೇ ಸಿಲಿಂಡರ್. ಆ ಕಾಲದಲ್ಲಿ ಕೊಂಡ ಗಾಡಿಗಳಿಗೆ ಈಗ ವಯಸ್ಸಾಗಿದೆ. ಕೆಲವು ಗಾಡಿಗಳ ಚಾಸಿ ಗಟ್ಟಿಯಾಗಿಯೇ ಇದೆ. ಇಂಜಿನ್ ಮಾತ್ರ ಸೋತಿದೆ. ಏರು ಹತ್ತಲ್ಲ. ಹೊಗೆ ಬಿಡ್ತದೆ.

ಒಂದು ದಿನ ಮನೆಯವರು ಬಂದು ಹೇಳ್ತಾರೆ: "ಇಂಜಿನ್ ಹೋಯ್ತು ಕಣೇ. ಬೇರೆ ಹಾಕಿಸ್ಬೇಕು. ಸಂಘದಲ್ಲಿ ಸಾಲ ಎತ್ತಿ ಕೊಡ್ತೀಯಾ?"

ಸಾಲ ನಮ್ಮ ಹೆಸರಿಗೆ. ಸಹಿ ನಮ್ಮದು. ಒತ್ತೆ ಇಡುವ ಓಲೆ, ಸರವೂ ನಮ್ಮವೇ. ಇಂಜಿನ್ ಗಂಡಸರ ವಿಷಯ ಅಂತ ಸುಮ್ಮನಿರುವುದು ಹೇಗೆ? ನಾವೂ ತಿಳಿಯೋಣ.

ಇಂಜಿನ್ ಸೋಲುವುದು ಯಾಕೆ?

ಸೈಕಲ್ ಪಂಪು ನೋಡಿದ್ದೇವೆ. ಜೋರಾಗಿ ಗಾಳಿ ಹೊಡೆದರೆ ಪಂಪಿನ ತಳ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಇಂಜಿನ್ ಒಳಗೆ ನಡೆಯುವುದೂ ಇದೇ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತುತ್ತದೆ. ಗಾಳಿ ಕೆಂಡದಂತೆ ಕಾಯುತ್ತದೆ. ಅದರ ಮೇಲೆ ಡೀಸೆಲ್ ಚಿಮ್ಮುತ್ತದೆ. ತಾನೇ ಹೊತ್ತಿಕೊಳ್ಳುತ್ತದೆ.

ಪಂಪಿನ ವಾಷರ್ ಸವೆದರೆ ಗಾಳಿ ನಿಲ್ಲುವುದಿಲ್ಲ. ಪಿಸ್ಟನ್ ಸುತ್ತ ಇರುವ ರಿಂಗು ಸವೆದರೂ ಹಾಗೆಯೇ. ಒತ್ತಡ ಸೋರುತ್ತದೆ. ಗಾಡಿಗೆ ಶಕ್ತಿ ಬರುವುದಿಲ್ಲ. ಆಯಿಲ್ ಮೇಲೆ ಹೋಗಿ ಉರಿಯುತ್ತದೆ.

ಹೊಗೆಯ ಬಣ್ಣವನ್ನು ನಾವೇ ನೋಡಬಹುದು. ಒಲೆ ಮುಂದೆ ಕೂತವರಿಗೆ ಹೊಗೆ ಹೊಸದಲ್ಲ! ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು. ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿರಬಹುದು. ಇಷ್ಟಕ್ಕೇ ಇಂಜಿನ್ ಬದಲಿಸಬೇಕಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಇದು ದೊಡ್ಡ ಕೆಲಸದ ಗುರುತು. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ.

ಮೆಕ್ಯಾನಿಕ್ ಹತ್ತಿರ ಒತ್ತಡ ಅಳೆಯುವ ಮೀಟರ್ ಇರುತ್ತದೆ. "ಅಣ್ಣಾ, ಕಂಪ್ರೆಷನ್ ನೋಡಿದ್ರಾ? ಎರಡೂ ಸಿಲಿಂಡರ್‌ದು ಎಷ್ಟು ಬಂತು?" ಅಂತ ಕೇಳಬೇಕು. ಅಳೆಯದೆ "ಇಂಜಿನ್ ಹೋಗಿದೆ ಅಕ್ಕಾ" ಅಂದರೆ ಒಪ್ಪಬಾರದು.

ಇನ್ನೊಂದು ಮಾತು ಕೇಳಲೇಬೇಕು. ಈ ಇಂಜಿನ್ ಯಾಕೆ ಕೆಟ್ಟಿತು? ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾದು ಕೆಟ್ಟಿದೆ ಅನ್ನಿ. ರೇಡಿಯೇಟರ್ ಸರಿ ಮಾಡದೆ ಬೇರೆ ಇಂಜಿನ್ ಕೂರಿಸಿದರೆ ಅದೂ ಕಾದು ಕೆಡುತ್ತದೆ. ಆಗ ಸಾಲ ಉಳಿಯುತ್ತದೆ, ಗಾಡಿ ನಿಲ್ಲುತ್ತದೆ.

ಯಾವುದು ಆರಿಸೋಣ?

ಮೊದಲನೆಯದು, ಇರುವ ಇಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸುವುದು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು ಹಾಕುತ್ತಾರೆ. ಲೇತ್ ಕೆಲಸಕ್ಕೆ ದಿನ ಹಿಡಿಯುತ್ತದೆ. ಅಷ್ಟು ದಿನ ಬಾಡಿಗೆ ಇಲ್ಲ. ಆದರೆ ಬ್ಲಾಕು ಅದೇ, ಅದರ ಮೇಲಿನ ನಂಬರೂ ಅದೇ. ಕಾಗದಪತ್ರ ಬದಲಾಗುವುದಿಲ್ಲ. ಚಾಸಿ ಗಟ್ಟಿ ಇದ್ದು, ಬ್ಲಾಕು ಸೀಳಿಲ್ಲದಿದ್ದರೆ ಮೊದಲು ಇದರ ಖರ್ಚು ಕೇಳಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಎರಡನೆಯದು, ಕಂಪನಿಯ ಇಂಜಿನ್. ಇದಕ್ಕೆ ಹಣ ಹೆಚ್ಚು. ಹಳೆಯ ಗಾಡಿಯ ಬೆಲೆಗಿಂತ ಇಂಜಿನ್ನೇ ಹೆಚ್ಚಾದರೆ ಯೋಚನೆ ಮಾಡಬೇಕು. ಹೊಸ ಮಾದರಿಯ ಇಂಜಿನ್ ಹಾಕಿಬಿಡೋಣ ಅನ್ನುವವರೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಇಂಜಿನ್‌ಗಳಿಗೆ ಬೇರೆ ವೈರಿಂಗು, ಕಂಪ್ಯೂಟರ್ ಪೆಟ್ಟಿಗೆ ಎಲ್ಲ ಬೇಕು. ಹಳೆಯ ಗಾಡಿಗೆ ಅದು ಸುಲಭವಾಗಿ ಕೂರುವುದಿಲ್ಲ. ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ಸರಿ.

ಮೂರನೆಯದು ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಇಂಜಿನ್. ಬೇಗ ಕೂರಿಸಬಹುದು. ಮೋಸವೂ ಇಲ್ಲೇ ಹೆಚ್ಚು. ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆಗೆ ಬೇಕಾದ ಗಾಜು ಕಾಯಿಸುತ್ತಿದ್ದರು. 1800ರ ಸುಮಾರಿಗೆ ಈ ಕಡೆ ಸುತ್ತಿದ ಬುಕಾನನ್ ಎಂಬಾತ ಅದನ್ನು ಬರೆದಿಟ್ಟಿದ್ದಾನೆ. ಬಳೆ ತೊಡುವಾಗ ನಾವು ಬಿರುಕು ನೋಡುತ್ತೇವೆ, ಸದ್ದು ಕೇಳುತ್ತೇವೆ. ನಾಲ್ಕು ಬಳೆಗೇ ಅಷ್ಟು ನೋಡುವವರು ಇಂಜಿನ್ ನೋಡದೆ ತರುವುದುಂಟೆ? ಅದನ್ನು ಓಡಿಸಿ ತೋರಿಸಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದರೆ ಅದರ ರಿಂಗೂ ಸವೆದಿದೆ. ಬೇಡ.

ನಂಬರು, ಬಿಲ್ಲು

ಪ್ರತಿ ಇಂಜಿನ್ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಆರ್.ಸಿ.ಯಲ್ಲೂ ವಿಮೆ ಪತ್ರದಲ್ಲೂ ಅದೇ ಇರಬೇಕು. ಅದು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಹೆದರಬೇಕಿಲ್ಲ. ರಂಗೋಲಿ ಚುಕ್ಕಿ ಎಣಿಸಿದ ಹಾಗೆ ಒಂದೊಂದೇ ಅಕ್ಷರದ ರೂಪ ಹೋಲಿಸಿ ನೋಡಬಹುದು.

ನಂಬರ್ ಉಜ್ಜಿದ ಇಂಜಿನ್ ಮುಟ್ಟಬೇಡಿ. ಅದು ಕದ್ದ ಗಾಡಿಯದಿರಬಹುದು. ಪೊಲೀಸರು ಹಿಡಿದರೆ ಇಂಜಿನ್ನೂ ಹೋಯ್ತು, ಹಣವೂ ಹೋಯ್ತು. ಕದ್ದ ಗಾಡಿಯೇ ಎಂದು ಇಂಜಿನ್ ನಂಬರಿನಿಂದ ನೋಡಲು 'ವಾಹನ್ ಸಮನ್ವಯ್' ಎಂಬ ಸರ್ಕಾರಿ ಸೌಲಭ್ಯ ಇದೆ. ಓದುವ ಮಕ್ಕಳು ಫೋನಿನಲ್ಲಿ ಹುಡುಕಿ ಕೊಡುತ್ತಾರೆ.

ಬಿಲ್ ಕೇಳಿ. ಬಿಲ್ಲಿನಲ್ಲಿ ಇಂಜಿನ್ ನಂಬರ್ ಬರೆಸಿ. ಬೇರೆ ಇಂಜಿನ್ ಹಾಕುವ ಮೊದಲು ಚಿತ್ರದುರ್ಗದ ಆರ್.ಟಿ.ಓ. ಕಚೇರಿಯಲ್ಲಿ ಕೇಳಬೇಕು. ಹಾಕಿದ ಮೇಲೆ 14 ದಿನದೊಳಗೆ ತಿಳಿಸಿ ಆರ್.ಸಿ. ತಿದ್ದಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೀಗೆ ಹೇಳುತ್ತದೆ. ಗಾಡಿ ಮೇಲೆ ಫೈನಾನ್ಸ್ ಸಾಲ ಇದ್ದರೆ ಅವರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಬಾಡಿಗೆ ಓಡುವ ಗಾಡಿಗೆ 8 ವರ್ಷ ದಾಟಿದರೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಇಂಜಿನ್ ನಂಬರ್ ತಾಳೆಯಾಗದಿದ್ದರೆ ಅಲ್ಲಿ ತೊಂದರೆ. ಅಪಘಾತವಾದಾಗ ವಿಮೆ ಹಣಕ್ಕೂ ತೊಂದರೆ ಆಗಬಹುದು.

ಸಾಲದ ಲೆಕ್ಕ

50,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳೋಣ. ಸಂಘದ ಬಡ್ಡಿ ನೂರಕ್ಕೆ ತಿಂಗಳಿಗೆ 1 ರೂಪಾಯಿ ಆದರೆ ತಿಂಗಳ ಬಡ್ಡಿ 500. ಕೈಸಾಲ ನೂರಕ್ಕೆ 3 ರೂಪಾಯಿ ಆದರೆ 1,500. ಅಸಲು ಹಾಗೇ ಉಳಿದರೆ ವರ್ಷಕ್ಕೆ 12,000 ರೂಪಾಯಿ ವ್ಯತ್ಯಾಸ. ಇದರ ಜೊತೆಗೆ ರೇಡಿಯೇಟರ್, ಆಯಿಲ್, ಕೂಲಿ, ಆರ್.ಟಿ.ಓ. ಶುಲ್ಕ, ಗಾಡಿ ನಿಂತ ದಿನಗಳ ಬಾಡಿಗೆ ಎಲ್ಲ ಕೂಡಿಸಿ. ಇಂಜಿನ್ ಬೆಲೆ ಒಂದನ್ನೇ ನೋಡಿ ಸಾಲ ಎತ್ತಿದರೆ ಅರ್ಧ ದಾರಿಯಲ್ಲಿ ಮತ್ತೆ ಕೈಸಾಲಕ್ಕೆ ಹೋಗಬೇಕಾಗುತ್ತದೆ.

ಓದಿ, ಮಾಡಿ

1. ಮನೆಯ ಅಥವಾ ನೆರೆಮನೆಯ ಗಾಡಿಯ ಆರ್.ಸಿ. ನೋಡಿ. ಇಂಜಿನ್ ನಂಬರ್ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಇಂಜಿನ್ ಮೇಲಿನ ನಂಬರಿನೊಡನೆ ತಾಳೆ ನೋಡಿ.
2. ನೀಲಿ ಹೊಗೆ ಯಾಕೆ ಬರುತ್ತದೆ? ಕಪ್ಪು ಹೊಗೆ ಯಾಕೆ ಬರುತ್ತದೆ?
3. 40,000 ರೂಪಾಯಿಗೆ ನೂರಕ್ಕೆ 2 ರೂಪಾಯಿಯಂತೆ ತಿಂಗಳ ಬಡ್ಡಿ ಎಷ್ಟು?
4. ಈ ಪದಗಳನ್ನು ಬರೆಯಿರಿ: ಪಿಸ್ಟನ್, ರಿಂಗು, ಬ್ಲಾಕು, ರೇಡಿಯೇಟರ್, ವಿಮೆ, ಬಿಲ್ಲು, ಒಪ್ಪಿಗೆ.