ಟ್ಯಾಂಕ್ ಕೂಡಿಸುವ ಮೊದಲು

ಅಳಿಯಾ, ನಿನ್ನ ಥಾರ್‌ಗೆ ಇನ್ನೊಂದು ಡೀಸೆಲ್ ಟ್ಯಾಂಕ್ ಕೂಡಿಸಿಕೊಡು ಮಾವಾ, ಲಡಾಖ್‌ಗೆ ಹೋಗಿಬರುತ್ತೇನೆ ಎಂದು ಕೇಳಿದ್ದೀಯ. ಪರ್ತ್‌ನಲ್ಲಿರುವ ನಿಮ್ಮಣ್ಣ ತನ್ನ ಪ್ರಾಡೊ ಗಾಡಿಯ ಅಡಿಭಾಗದ ಫೋಟೊ ಕಳಿಸಿದ ಮೇಲೆ ಈ ಆಸೆ ಹುಟ್ಟಿದೆ ಎಂಬುದು ನನಗೆ ಗೊತ್ತು. ಆಸೆಯಲ್ಲಿ ತಪ್ಪೇನಿಲ್ಲ. ದೂರದ ದಾರಿ ಈ ವಯಸ್ಸಿನಲ್ಲಿ ಕರೆಯದಿದ್ದರೆ ಇನ್ಯಾವಾಗ ಕರೆಯಬೇಕು? ಆದರೆ ತಡಸ ಕ್ರಾಸಿನಲ್ಲಿ ಕುಳಿತು ಲಾರಿ, ಟ್ರ್ಯಾಕ್ಟರ್, ಜೀಪುಗಳ ಟ್ಯಾಂಕ್ ಇಳಿಸಿ ಏರಿಸುತ್ತಲೇ ತಲೆ ಹಣ್ಣಾದವನು ನಾನು. ಬರೀ ‘ಬೇಡ’ ಅಂದರೆ ನೀನು ಹುಬ್ಬಳ್ಳಿಯಲ್ಲಿ ಇನ್ನೊಬ್ಬರ ಹತ್ತಿರ ಹೋಗಿ ಮಾಡಿಸಿಕೊಳ್ಳುತ್ತೀಯ. ಅದಕ್ಕೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮಣ್ಣನಿಗೂ ಓದಿಸು, ಅವನಿಗೂ ಇದರಲ್ಲಿ ಮಾತಿದೆ.

ವೆಲ್ಡಿಂಗ್ ಆಮೇಲೆ, ಮೊದಲು ಲೆಕ್ಕ. ನಿನ್ನ ಥಾರ್‌ನ ಟ್ಯಾಂಕು 57 ಲೀಟರಿನದು. ಏರುದಾರಿ, ಕಲ್ಲುದಾರಿ ಎಲ್ಲ ಸೇರಿಸಿ ಲೀಟರಿಗೆ ಬರೀ 9 ಕಿ.ಮೀ. ಹಿಡಿದರೂ 500 ದಾಟುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವಾಗ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ಎಂಬ ಊರು ಸಿಗುತ್ತದೆ. ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಸಾರುವ ಅಲ್ಲಿನ ಬಂಕಿನ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಬೈಕ್ ಸವಾರರಿಲ್ಲ. ಭಾರತದ ರಸ್ತೆಗಳಲ್ಲಿ ಎಣ್ಣೆ ಸಿಗದ ಉದ್ದನೆಯ ದಾರಿ ಎಂದು ಹೆಸರಾದದ್ದು ಅದೇ. ಅಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ ಲೇಹ್ ಮುಟ್ಟಿದ ಮೇಲೂ ನಿನ್ನ ಗಾಡಿಯಲ್ಲಿ ನೂರು ಕಿ.ಮೀ.ಗೂ ಹೆಚ್ಚು ಓಡುವಷ್ಟು ಡೀಸೆಲ್ ಉಳಿಯುತ್ತದೆ. ಹಾಗಿದ್ದ ಮೇಲೆ ಇನ್ನೊಂದು ಟ್ಯಾಂಕು ಯಾವ ದಾರಿಗಾಗಿ?

ಇನ್ನೂ ಒಂದು ವಿಷಯ ನಿನ್ನ ಯೋಚನೆಗೆ ಬಂದಿರಲಿಕ್ಕಿಲ್ಲ. ಮಾರ್ಚ್ ತಿಂಗಳಲ್ಲಿ, ಹಿಮ ಕರಗುವ ಮೊದಲೇ ನೋಡಬೇಕು ಅನ್ನುತ್ತಿದ್ದೆಯಲ್ಲ. ನಮ್ಮ ಕಡೆಯ ಡೀಸೆಲ್ ಆ ಚಳಿಗೆ ತಯಾರಾದದ್ದಲ್ಲ. ಡೀಸೆಲ್‌ನೊಳಗೆ ಮೇಣದ ಅಂಶ ಇರುತ್ತದೆ. ಸೊನ್ನೆಗಿಂತ ಕೆಳಗೆ ಇಳಿದಂತೆ ಅದು ಹೆಪ್ಪಾಗಿ ಮೊದಲು ಫಿಲ್ಟರ್ ಕಟ್ಟುತ್ತದೆ, ಆಮೇಲೆ ಪೈಪು. ಇದೇ ಕಾರಣಕ್ಕೆ ಇಂಡಿಯನ್ ಆಯಿಲ್‌ನವರು 2019ರ ನವೆಂಬರ್‌ನಲ್ಲಿ ಲಡಾಖ್‌ಗೆಂದೇ ಬೇರೆ ಚಳಿಗಾಲದ ಡೀಸೆಲ್ ತಂದರು, ಮೈನಸ್ 33 ಡಿಗ್ರಿಯವರೆಗೂ ಹರಿಯುವಂಥದ್ದು. ದೊಡ್ಡ ಟ್ಯಾಂಕಿನಲ್ಲಿ ಕೆಳನಾಡಿನ ಡೀಸೆಲ್ ಹೊತ್ತುಕೊಂಡು ಹೋದವನು ಅಲ್ಲಿ ಅದನ್ನು ಖಾಲಿ ಮಾಡುವವರೆಗೆ ಹೊಸದನ್ನು ಹಾಕಿಸಿಕೊಳ್ಳಲಾರ. ಚಳಿಯ ಊರಿನಲ್ಲಿ ಆ ಊರಿನ ಎಣ್ಣೆಯೇ ಗಾಡಿಗೆ ಹಿತ.

ನಿಮ್ಮಣ್ಣನ ಮಾತು ಬೇರೆ. ಪ್ರಾಡೊ ನಮ್ಮ ದೇಶದಲ್ಲಿ ಮಾರಾಟವಾದಾಗ 87 ಲೀಟರಿನ ಒಂದೇ ಟ್ಯಾಂಕು ಇತ್ತು. ಅದೇ ಗಾಡಿಗೆ ಆಸ್ಟ್ರೇಲಿಯಾದಲ್ಲಿ 63 ಲೀಟರಿನ ಎರಡನೇ ಟ್ಯಾಂಕನ್ನು ಕಂಪನಿಯೇ ಕೂಡಿಸಿ ಒಟ್ಟು 150 ಲೀಟರ್ ಮಾಡಿ ಕೊಟ್ಟಿತು. ಊರಿಗೆ ತಕ್ಕಂತೆ ಟ್ಯಾಂಕ್ ಎಂಬುದನ್ನು ಗಾಡಿ ಮಾಡಿದವರೇ ಒಪ್ಪಿದ್ದಾರೆ. ಅವನು ಹೋಗಬೇಕೆಂದಿರುವ ಕ್ಯಾನಿಂಗ್ ಸ್ಟಾಕ್ ರೂಟ್, ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಸುಮಾರು 1,850 ಕಿ.ಮೀ. ದನ ಹೊಡೆದುಕೊಂಡು ಹೋಗಲು ನೂರು ವರ್ಷಗಳ ಹಿಂದೆ ಬಾವಿ ತೋಡಿ ಮಾಡಿದ ದಾರಿ ಅದು, ಈಗಲೂ ಮರಳಿನ ದಿಬ್ಬಗಳೇ. ನಡುವೆ ಎಣ್ಣೆ ಸಿಗುವುದು ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿರುವ ಕುನಾವರಿಟ್ಜಿ ಎಂಬ ಮೂಲನಿವಾಸಿಗಳ ಊರಿನಲ್ಲಿ. ಮರಳಿನಲ್ಲಿ ಗಾಡಿ ಲೀಟರಿಗೆ 6 ಕಿ.ಮೀ. ಕೊಟ್ಟರೆ 150 ಲೀಟರಿಗೆ 900. ಅಂದರೆ ಅವನಿಗೆ ಅಂಚಿಗೆ ಬಂದು ನಿಲ್ಲುತ್ತದೆ, ಒಂದು ದಿಬ್ಬದಲ್ಲಿ ಹೂತುಕೊಂಡರೆ ಸಾಲದು. ಅವನು ಇನ್ನೂ ದೊಡ್ಡ ಟ್ಯಾಂಕು ಬೇಕು ಅಂದರೆ ನಾನು ಹೂಂ ಅನ್ನುತ್ತೇನೆ. ನೀನು ಅಂದರೆ ಹೂಂ ಅನ್ನಲಾರೆ. ಇದರಲ್ಲಿ ಪಕ್ಷಪಾತವಿಲ್ಲ, ದಾರಿ ಬೇರೆ.

ಡೀಸೆಲ್‌ಗೆ ಬೇಗ ಬೆಂಕಿ ಹತ್ತುವುದಿಲ್ಲ ಮಾವಾ ಎಂದೆ ನೀನು. ಪೆಟ್ರೋಲಿನಷ್ಟು ಬೇಗ ಹತ್ತುವುದಿಲ್ಲ, ನಿಜ. 2013ರ ನವೆಂಬರ್ 14ರ ನಸುಕಿನಲ್ಲಿ, ನಮ್ಮ ಮುಂದಿನ ಇದೇ ಹೆದ್ದಾರಿಯಲ್ಲಿ, ನಮ್ಮದೇ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಬಳಿ ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಬಸ್ಸು ಸೇತುವೆಗೆ ಬಡಿಯಿತು. ಡೀಸೆಲ್ ಟ್ಯಾಂಕ್ ಒಡೆದು ಬೆಂಕಿ ಹೊತ್ತಿತು, ಮಲಗಿದ್ದವರಲ್ಲಿ ಏಳು ಮಂದಿ ಎದ್ದು ಬರಲಿಲ್ಲ. ಅದಕ್ಕೆ ಹದಿನೈದು ದಿನ ಮೊದಲು, ಅಕ್ಟೋಬರ್ 30ರಂದು, ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟ ಬಸ್ಸು ಪಾಲೆಂ ಬಳಿ ಮೋರಿಯ ಕಟ್ಟೆಗೆ ತಾಗಿ ಹೀಗೇ ಉರಿದು 45 ಜನ ಹೋಗಿದ್ದರು. ಅವು ಕಂಪನಿಯಲ್ಲೇ ಪರೀಕ್ಷೆಯಾಗಿ ಬಂದ ಟ್ಯಾಂಕುಗಳು. ಒಡೆದ ಟ್ಯಾಂಕಿನಿಂದ ಚಿಮ್ಮಿದ ಡೀಸೆಲ್ ಹನಿಹನಿಯಾಗಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ, ಲೋಹ ಉಜ್ಜಿದ ಕಿಡಿಗೆ ಸಿಕ್ಕರೆ, ಬಕೆಟ್ಟಿನಲ್ಲಿರುವ ಡೀಸೆಲ್‌ನ ಹಾಗೆ ಸುಮ್ಮನೆ ಕೂರುವುದಿಲ್ಲ. ಟ್ಯಾಂಕ್ ಎಲ್ಲಿ ಕೂರುತ್ತದೆ, ಏಟು ಬಿದ್ದಾಗ ಏನಾಗುತ್ತದೆ ಎಂಬುದು ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ನಿನ್ನ ಹಿಂದಿನ ಸೀಟಿನಲ್ಲಿ ನಮ್ಮ ಮನೆಯ ಮಕ್ಕಳು ಕೂರುತ್ತವೆ, ಅಳಿಯಾ.

ಕಾನೂನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯ ಮೇಲೆ, ಅನುಮತಿ ಇಲ್ಲದೆ ಮಾಡಿಸಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಸಿಎನ್‌ಜಿ ಕಿಟ್ ಕೂಡಿಸುವವರು ಅನುಮೋದಿತ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸುತ್ತಾರೆ, ನೀನೂ ನೋಡಿದ್ದೀಯ. ಬದಲಾವಣೆಗೆ ಅದೇ ದಾರಿ: ಮೊದಲು ಆರ್‌ಟಿಒ, ಆಮೇಲೆ ಗ್ಯಾರೇಜು. ವಿಮೆಯವರಿಗೆ ತಿಳಿಸದೆ ಟ್ಯಾಂಕ್ ಕೂಡಿಸಿ, ನಾಳೆ ಗಾಡಿ ಉರಿದರೆ, ಕ್ಲೇಮ್ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುತ್ತೀಯ?

ಈಗ ನಿಮ್ಮಣ್ಣನಿಗೆ. ಅವನ ಊರಿನ ನಿಯಮ ಅವನು ಕೇಳಿಕೊಳ್ಳಲಿ, ಅಲ್ಲೂ ಗಾಡಿಗೆ ಒಟ್ಟು ತೂಕದ ಮಿತಿ ಇದೆ. ನಾನು ಹೇಳುವುದು ಕೆಲಸದ ಮಾತು. ನೀನೂ ಗಮನ ಇಡು, ಮುಂದೆ ಗ್ಯಾರೇಜಿನ ಕೆಲಸ ಕಲಿಯಬೇಕೆಂದಿದ್ದೀಯ.

ಜಿಐ ಶೀಟಿನಲ್ಲಿ ಡೀಸೆಲ್ ಟ್ಯಾಂಕ್ ಮಾಡಿಸಬಾರದು. ನಮ್ಮ ಕಡೆ ನೀರಿನ ಟ್ಯಾಂಕ್ ಮಾಡುವವರ ಕೈಗೆ ಅದೇ ಶೀಟು ಬೇಗ ಸಿಗುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂದು ಅದನ್ನೇ ಬಡಿದುಕೊಡುತ್ತಾರೆ. ಡೀಸೆಲ್ ಆ ಸತುವಿನ ಲೇಪವನ್ನು ಕರಗಿಸುತ್ತದೆ. ಅಂಥ ಗಾಡಿಯೊಂದನ್ನು ನನ್ನ ಹತ್ತಿರ ಎಳೆದು ತಂದಿದ್ದರು. ಫಿಲ್ಟರ್ ಬಿಚ್ಚಿದರೆ ಒಳಗೆ ಬೂದು ಬಣ್ಣದ, ಬೆರಳಿಗೆ ಜಾರುವ ಲೋಳೆ, ಕಾಗದದ ಮಡಿಕೆಗಳ ನಡುವೆ ಎಲ್ಲ ತುಂಬಿಕೊಂಡಿತ್ತು. ನಾಲ್ಕೂ ನೋಝಲ್ ಕೆಟ್ಟಿದ್ದವು. ಈಗಿನ ಕಾಮನ್ ರೈಲ್ ಇಂಜಿನ್ನುಗಳ ನೋಝಲ್ ರಂಧ್ರ ಕೂದಲೆಳೆಯಷ್ಟು, ಅದು ಇಂಥದ್ದನ್ನು ಸಹಿಸುವುದಿಲ್ಲ. ತಾಮ್ರ, ಹಿತ್ತಾಳೆಯ ಪೈಪೂ ಬೇಡ, ಡೀಸೆಲ್ ಬೇಗ ಹಳಸುತ್ತದೆ. ಅಲ್ಯೂಮಿನಿಯಂ ಇಲ್ಲವೆ ಅಲ್ಯೂಮಿನಿಯಂ ಲೇಪದ ಉಕ್ಕು ಒಳ್ಳೆಯದು.

ಒಳಗೆ ಅಡ್ಡತಗಡುಗಳು ಇರಲೇಬೇಕು. ಅರ್ಧ ತುಂಬಿದ ಕೊಡ ಹೊತ್ತವಳ ನಡಿಗೆ ಹೇಗೆ ಓಲಾಡುತ್ತದೆ ನೋಡಿದ್ದೀಯಲ್ಲ, ಅರ್ಧ ತುಂಬಿದ ಟ್ಯಾಂಕೂ ತಿರುವಿನಲ್ಲಿ ಗಾಡಿಯನ್ನು ಹಾಗೇ ಎಳೆಯುತ್ತದೆ. ತಗಡಿನ ಕೆಳಮೂಲೆಗಳಲ್ಲಿ ಕಿಂಡಿ ಬಿಡಬೇಕು, ಇಲ್ಲದಿದ್ದರೆ ಕೊನೆಯ ಕೆಲವು ಲೀಟರು ಒಂದೊಂದು ಕೋಣೆಯಲ್ಲಿ ನಿಂತುಬಿಡುತ್ತದೆ.

ಹೆಚ್ಚಿನವರು ಎಡವುವುದು ರಿಟರ್ನ್ ಪೈಪಿನಲ್ಲಿ. ಡೀಸೆಲ್ ಇಂಜಿನ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಎಳೆಯುತ್ತದೆ. ಪಂಪಿಗೆ, ನೋಝಲ್‌ಗೆ ತಂಪು ಕೊಟ್ಟು ಮಿಕ್ಕದ್ದು ಬಿಸಿಯಾಗಿ ಟ್ಯಾಂಕಿಗೆ ಮರಳುತ್ತದೆ. ಎರಡು ಟ್ಯಾಂಕುಗಳ ನಡುವೆ ಒಂದು ಕಾಕ್ ಇಟ್ಟು, ಎಳೆಯುವ ಪೈಪನ್ನು ಮಾತ್ರ ತಿರುಗಿಸಿದರೆ ಏನಾಗುತ್ತದೆ? ಇಂಜಿನ್ ಹೊಸ ಟ್ಯಾಂಕಿನಿಂದ ಕುಡಿಯುತ್ತದೆ, ಮಿಕ್ಕದ್ದನ್ನು ಹಳೆಯ ಟ್ಯಾಂಕಿಗೆ ಬಿಡುತ್ತದೆ. ಹಳೆಯದು ಮೊದಲೇ ತುಂಬಿದ್ದರೆ, ಟ್ಯಾಂಕಿಗೆ ಗಾಳಿಯಾಡಲು ಇಟ್ಟ ಬ್ರೀದರ್ ಪೈಪಿನಿಂದ ಉಕ್ಕಿ ರಸ್ತೆಗೆ, ಸೈಲೆನ್ಸರ್‌ಗೆ. ಹಿಂದೆ ಬರುವ ಬೈಕಿನವನು ಜಾರಿ ಬೀಳುತ್ತಾನೆ. ಡ್ರೈವರನಿಗೆ ಮೀಟರಿನಲ್ಲಿ ಟ್ಯಾಂಕ್ ಭರ್ತಿ ಎಂದೇ ಕಾಣುತ್ತಿರುತ್ತದೆ. ಕಾಕ್ ಹಾಕುವುದಾದರೆ ಎಳೆಯುವುದು, ಮರಳುವುದು ಎರಡನ್ನೂ ಒಟ್ಟಿಗೆ ತಿರುಗಿಸುವಂಥದ್ದೇ ಬೇಕು. ನನ್ನ ಮನಸ್ಸಿಗೆ ಅದಕ್ಕಿಂತ ಒಳ್ಳೆಯದೆಂದರೆ ಇಂಜಿನ್ನಿನ ಪೈಪುಗಳನ್ನು ಮುಟ್ಟದೆ, ಹೊಸ ಟ್ಯಾಂಕಿನಿಂದ ಹಳೆಯದಕ್ಕೆ ಸಣ್ಣ ಪಂಪಿನಲ್ಲಿ ಸಾಗಿಸುವುದು. ಹಳೆಯದು ಅರ್ಧಕ್ಕಿಳಿದ ಮೇಲೆ ಮಾತ್ರ ಪಂಪ್ ಹಾಕು, ಹಾಕಿದ್ದನ್ನು ಮರೆಯಬೇಡ ಎಂದು ಅವನಿಗೆ ಹೇಳು.

ಬ್ರೀದರ್ ಪೈಪ್ ಎಣ್ಣೆ ತುಂಬುವ ಬಾಯಿಯಷ್ಟು ಎತ್ತರಕ್ಕೆ ಒಯ್ಯಬೇಕು, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಅದಕ್ಕಿರಬೇಕು. ಕೆಳಗೆ ಬಿಟ್ಟರೆ ಹಳ್ಳ ದಾಟುವಾಗ ನೀರು ಎಳೆಯುತ್ತದೆ. ಬಾಯಿವರೆಗೂ ತುಂಬುವುದೂ ಬೇಡ. ಬೆಳಗಿನ 15 ಡಿಗ್ರಿಯಲ್ಲಿ ತುಂಬಿದ 60 ಲೀಟರ್ ಡೀಸೆಲ್ ಮಧ್ಯಾಹ್ನದ 45 ಡಿಗ್ರಿಗೆ ಒಂದೂವರೆ ಲೀಟರಿನಷ್ಟು ಹಿಗ್ಗುತ್ತದೆ.

ತೂಕದ ಲೆಕ್ಕವೂ ಹೇಳುತ್ತೇನೆ. 60 ಲೀಟರ್ ಡೀಸೆಲ್ ಅಂದರೆ 50 ಕಿಲೋ, ಟ್ಯಾಂಕು, ಅದರ ಪಟ್ಟಿ, ಅಡಿಯ ತಗಡು ಸೇರಿ 70 ಹಿಡಿ. ನಿನ್ನ ಗಾಡಿಯ ಮುಂದಿನ ಹಿಂದಿನ ಚಕ್ರಗಳ ಅಂತರ 2,450 ಮಿ.ಮೀ. ಹಿಂದಿನ ಆಕ್ಸಲ್‌ನಿಂದ ಅರವತ್ತು ಸೆಂಟಿಮೀಟರ್ ಆಚೆ ಈ ಭಾರ ತೂಗಿಬಿಟ್ಟರೆ ಹಿಂದಿನ ಚಕ್ರಗಳ ಮೇಲೆ 87 ಕಿಲೋ ಬೀಳುತ್ತದೆ, ಮುಂದಿನ ಚಕ್ರಗಳು 17 ಕಿಲೋ ಹಗುರಾಗುತ್ತವೆ. ಸ್ಟೇರಿಂಗು, ಬ್ರೇಕು ಹಿಡಿತ ಇರುವುದು ಮುಂದಿನ ಚಕ್ರಗಳಲ್ಲಿ. ಎರಡು ಆಕ್ಸಲ್‌ಗಳ ನಡುವೆ, ಚಾಸಿಯ ಒಳಗೆ ಜಾಗ ಸಿಕ್ಕರೆ ಮಾತ್ರ ಇದು ಒಪ್ಪುವ ಕೆಲಸ. ನಿನ್ನ ಗಾಡಿಯಲ್ಲಿ ಅಂಥ ಜಾಗ ಇಲ್ಲ.

ಹಳೆಯ ಟ್ಯಾಂಕನ್ನು ಕೊರೆದು, ಬೆಸೆದು ದೊಡ್ಡದು ಮಾಡಲು ಯಾರಾದರೂ ಬಂದರೆ ಅವರನ್ನು ಅಂಗಳಕ್ಕೇ ಸೇರಿಸಬೇಡ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ತುಂಬಿರುತ್ತದೆ. ವೆಲ್ಡಿಂಗ್ ಕಿಡಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ. ಹಾಗೆಯೇ ಬಾಯಿಂದ ಪೈಪ್ ಹೀರಿ ಡೀಸೆಲ್ ತೆಗೆಯುವ ನಮ್ಮ ಕಡೆಯ ಚಾಳಿ ನಿನಗೆ ಬರಬಾರದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಹತ್ತಾರು ರೂಪಾಯಿಗೆ ಕೈಪಂಪ್ ಸಿಗದಿರಬಹುದು, ಕೆಲವು ನೂರಕ್ಕೆ ಸಿಗುತ್ತದೆ.

ನಿನಗೆ ಧೈರ್ಯಕ್ಕೆ ಏನಾದರೂ ಬೇಕೇ ಬೇಕು ಅಂದರೆ 20 ಲೀಟರಿನ ಒಂದು ಉಕ್ಕಿನ ಜೆರ್ರಿಕ್ಯಾನ್ ತೆಗೆದುಕೊ. 1930ರ ದಶಕದಲ್ಲಿ ಜರ್ಮನರು ಸೈನ್ಯಕ್ಕೆಂದು ಮಾಡಿದ ವಿನ್ಯಾಸ, ಇವತ್ತಿಗೂ ಅದನ್ನು ಮೀರಿಸಿದ್ದು ಬಂದಿಲ್ಲ. ಪಕ್ಕದ ಅಡ್ಡಗೆರೆಗಳು ಅಂದಕ್ಕಲ್ಲ, ಒಳಗಿನ ಎಣ್ಣೆ ಹಿಗ್ಗಿದಾಗ ತಗಡು ಬಾಗಲಿ ಎಂದು. ಬಂಕಿನಲ್ಲಿ ತುಂಬುವಾಗ ಗಾಡಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟು ತುಂಬಿಸು. ಡಿಕ್ಕಿಯಲ್ಲಿಟ್ಟೇ ತುಂಬಿದರೆ ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಬಹುದು. ಆಮೇಲೆ ಬೆಲ್ಟಿನಿಂದ ಅಲ್ಲಾಡದಂತೆ ಬಿಗಿ. ಮೇಲಿನ ಕ್ಯಾರಿಯರ್‌ಗೆ ಕಟ್ಟಬೇಡ, ತಿರುವಿನಲ್ಲಿ ಗಾಡಿ ವಾಲುತ್ತದೆ, ಗಾಳಿಗೆ ಮೈಲೇಜೂ ಇಳಿಯುತ್ತದೆ. ಅದರಲ್ಲಿ ಪೆಟ್ರೋಲ್ ಹಾಕುವುದು, ಮಕ್ಕಳ ಪಕ್ಕದಲ್ಲಿಡುವುದು ಖಂಡಿತ ಬೇಡ.

ಹೊರಡುವ ಮೊದಲು ಟ್ಯಾಂಕ್ ಟು ಟ್ಯಾಂಕ್ ತುಂಬಿಸಿ ಮೈಲೇಜ್ ನೋಡು, ಇಲ್ಲಿಂದ ಮುಂಡಗೋಡ ದಾಟಿ ಶಿರಸಿ ಕಡೆ ಹೋಗಿ ಬಂದರೆ ನಿನಗೆ ಗಾಡಿಯ ನಿಜವಾದ ಹೊಟ್ಟೆ ಗೊತ್ತಾಗುತ್ತದೆ. ಮೀಟರಿನ ಮುಳ್ಳನ್ನು ನಂಬಿ ಹೋಗುವುದು ಬೇರೆ, ಎಷ್ಟು ಲೀಟರಿಗೆ ಎಷ್ಟು ಓಡಿತು ಎಂದು ಬರೆದಿಟ್ಟುಕೊಂಡು ಹೋಗುವುದು ಬೇರೆ. ಭಾನುವಾರ ಗಾಡಿ ತಾ. ಈಗಿರುವ ಟ್ಯಾಂಕಿನ ಪಟ್ಟಿ, ಬ್ರೀದರ್, ಫಿಲ್ಟರ್ ನೋಡಿ ಕಳಿಸುತ್ತೇನೆ, ಟ್ಯಾಂಕಿನ ಅಡಿಗೆ ಕಲ್ಲು ಬಡಿದ ಗುರುತುಗಳಿದ್ದರೆ ಅದನ್ನೂ ನೋಡಬೇಕು. ಬರುವಾಗ ಟ್ಯಾಂಕ್ ಖಾಲಿಯಾಗುವ ಹಂತಕ್ಕೆ ತಂದಿರು, ಇಳಿಸುವುದಕ್ಕೆ ಹಗುರ.