ದೀಪಾವಳಿಯ ಸಿಡಿಮದ್ದು ಮತ್ತು ನಾಯಿಯ ಕಿವಿ

ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಎಂಬ ಹಬ್ಬ ನಡೆಯುತ್ತದೆ. ಮಕ್ಕಳು ಭೂತ ಪ್ರೇತಗಳ ವೇಷ ಧರಿಸಿ ಮನೆ ಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಸಾಕಿದ ನಾಯಿಗೂ ವೇಷ ತೊಡಿಸುವವರುಂಟು. 2024ರಲ್ಲಿ ಅದೇ ದಿನ ನಮಗೆ ನರಕ ಚತುರ್ದಶಿಯಾಗಿತ್ತು. ನಮ್ಮ ಹಬ್ಬದಲ್ಲಿ ನಾಯಿಗೆ ವೇಷವಿಲ್ಲ. ಬಲಿಪಾಡ್ಯಮಿಯಂದು ಹಸುವಿಗೆ ಪೂಜೆ ಸಲ್ಲುತ್ತದೆ. ನಾಯಿಯಾದರೋ ಮಂಚದ ಕೆಳಗೆ ನಡುಗುತ್ತ ಕುಳಿತಿರುತ್ತದೆ. ನೇಪಾಳದಲ್ಲಿ ಇದೇ ದಿನಗಳಲ್ಲಿ ನಡೆಯುವ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಯ ಕೊರಳಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕವಿಟ್ಟು, ಒಳ್ಳೆಯ ಊಟ ಬಡಿಸುವ ಸಂಪ್ರದಾಯವಿದೆ. ಅಷ್ಟನ್ನು ಮಾಡದಿದ್ದರೂ ನಮ್ಮ ನಾಯಿ ಏಕೆ ನಡುಗುತ್ತದೆ, ಆ ನಡುಕವನ್ನು ಹೇಗೆ ಕಡಿಮೆ ಮಾಡಬಹುದು ಎಂಬುದನ್ನಾದರೂ ನಾವು ಅರಿಯಬೇಕು. ಇದಕ್ಕೆ ಬೇಕಾಗುವುದು ಶಬ್ದಶಾಸ್ತ್ರದ ಕೆಲವು ಸರಳ ತತ್ತ್ವಗಳು ಮಾತ್ರ.

ನಾಯಿ ಏನನ್ನು ಕೇಳುತ್ತದೆ?

ವಸ್ತುವೊಂದು ಕಂಪಿಸಿದಾಗ ಗಾಳಿಯಲ್ಲಿ ಒತ್ತಡದ ಅಲೆಗಳು ಏಳುತ್ತವೆ. ಅವು ಕಿವಿಯ ತಮಟೆಯನ್ನು ಅಲುಗಿಸಿದಾಗ ನಮಗೆ ಶಬ್ದದ ಅನುಭವವಾಗುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದಗಳು ಕೇಳಿಸುತ್ತವೆ. ನಾಯಿಗೆ ಸುಮಾರು 65ರಿಂದ 45,000ದವರೆಗೆ ಕೇಳಿಸುತ್ತದೆ. ಎಂದರೆ ಬಹಳ ಮಂದ್ರವಾದ ಶಬ್ದಗಳಲ್ಲಿ ನಮ್ಮ ಕಿವಿಯೇ ಮೇಲು. ತಾರದಲ್ಲಿ ನಾಯಿ ನಮ್ಮನ್ನು ಬಹುದೂರ ಹಿಂದೆ ಹಾಕುತ್ತದೆ. ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿಜ್ಞಾನಿ 19ನೆಯ ಶತಮಾನದಲ್ಲಿ ರಚಿಸಿದ ಸೀಟಿಯೊಂದನ್ನು ಊದಿದರೆ ಮನುಷ್ಯರಿಗೆ ಏನೂ ಕೇಳದೆ ನಾಯಿ ಮಾತ್ರ ತಿರುಗಿ ನೋಡುತ್ತಿತ್ತು.

ಪಟಾಕಿಯ ವಿಶೇಷವೇನು? ವೀಣೆಯ ತಂತಿ ಒಂದು ನಿಯತ ಸ್ವರವನ್ನೂ ಅದರ ಉಪಸ್ವರಗಳನ್ನೂ ಕೊಡುತ್ತದೆ. ಸಿಡಿತ ಹಾಗಲ್ಲ. ಕ್ಷಣಾರ್ಧದಲ್ಲಿ ಎದ್ದು ಅಡಗುವ ಒತ್ತಡದ ಅಲೆಯಲ್ಲಿ ಮಂದ್ರದಿಂದ ಅತಿತಾರದವರೆಗಿನ ಎಲ್ಲ ಕಂಪನಗಳೂ ಬೆರೆತಿರುತ್ತವೆ; ಸಿಡಿತದ ಅವಧಿ ಕಿರಿದಾದಷ್ಟೂ ಈ ಹರವು ಹಿರಿದಾಗುತ್ತದೆ. ಆದುದರಿಂದ ಹತ್ತಿರದಲ್ಲಿ ಸಿಡಿದ ಪಟಾಕಿಯಲ್ಲಿ ನಮಗೆ ಕೇಳಿಸದ ಒಂದು ಅಂಶವೂ ನಾಯಿಯ ಕಿವಿಯನ್ನು ಮುಟ್ಟುತ್ತದೆ. ಆದರೆ ಗಾಳಿ ತಾರಶಬ್ದಗಳನ್ನು ಬೇಗನೆ ಹೀರಿಬಿಡುತ್ತದೆ. ದೂರದ ಸಿಡಿತ ‘ಢಂ’ ಎಂದೂ, ಹತ್ತಿರದ್ದು ‘ಚಟ್’ ಎಂದೂ ಕೇಳುವುದು ಇದರಿಂದಲೇ. ನಾಯಿಯ ಪಾಲಿಗೆ ಮನೆಯಂಗಳದ ಪಟಾಕಿಯೇ ಅತಿ ಕ್ರೂರವಾದುದು.

ದೂರದ ಲೆಕ್ಕ

ಶಬ್ದದ ಪ್ರಮಾಣವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಇದು ಸಾಮಾನ್ಯ ಅಳತೆಗೋಲಿನಂತಲ್ಲ: 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು ಏರಿದಂತೆ. ನಮ್ಮ ದೇಶದ ನಿಯಮದಂತೆ ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ ಒಂಟಿ ಪಟಾಕಿಯ ಶಬ್ದ 125 ಡೆಸಿಬೆಲ್ ಮೀರಬಾರದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 8 ಮೀಟರಿನಲ್ಲಿ 119, 16ರಲ್ಲಿ 113, 32ರಲ್ಲಿ 107, 64ರಲ್ಲಿ 101, 128ರಲ್ಲಿ 95. ಮನೆಯ ಮಾತುಕತೆಯ ಶಬ್ದ ಸುಮಾರು 60 ಡೆಸಿಬೆಲ್ ಇರುತ್ತದೆ. ಹಾಗಾದರೆ ಪಕ್ಕದ ಬೀದಿಯಲ್ಲಿ, 128 ಮೀಟರ್ ದೂರದಲ್ಲಿ ಸಿಡಿದ ಪಟಾಕಿ ಕೂಡ ಆ ಕ್ಷಣದಲ್ಲಿ ಮಾತಿಗಿಂತ ಸುಮಾರು ಮೂರು ಸಾವಿರ ಪಟ್ಟು ತೀವ್ರವಾಗಿರುತ್ತದೆ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿರಿ. ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಳೆದರೆ ಸಿಡಿತ ಒಂದು ಕಿಲೋಮೀಟರಿನಾಚೆ ಆದುದೆಂದು ತಿಳಿಯಬಹುದು.

ರಾತ್ರಿಯ ಗಾಳಿ, ಬೆಟ್ಟದ ಮಾರ್ದನಿ

ಹಗಲಿಗಿಂತ ರಾತ್ರಿ ದೂರದ ಸದ್ದು ಚೆನ್ನಾಗಿ ಕೇಳುವುದನ್ನು ಎಲ್ಲರೂ ಬಲ್ಲರು. ಊರು ನಿಶ್ಶಬ್ದವಾಗಿರುವುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿಯಲ್ಲಿದೆ. ಹಗಲಿನಲ್ಲಿ ನೆಲ ಕಾದು ಅದರ ಮೇಲಿನ ಗಾಳಿ ಬೆಚ್ಚಗಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಹೋಗುತ್ತವೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿದು, ಕೆಳಗಿನ ಗಾಳಿ ತಂಪಾಗಿಯೂ ಮೇಲಿನದು ಬೆಚ್ಚಗೂ ಇರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು; ಆದುದರಿಂದ ಅಲೆಗಳು ಕೆಳಕ್ಕೆ ಬಾಗಿ ನೆಲಕ್ಕೇ ಮರಳುತ್ತವೆ. ಹನೂರಿನ ಸುತ್ತ ಬೆಟ್ಟಗಳಿವೆ. ಯಳಂದೂರಿನ ಕಡೆಗೆ ಬಿಳಿಗಿರಿರಂಗನ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ಇಂತಹ ಕಡೆ ಮಾರ್ದನಿಯೂ ಸೇರಿಕೊಂಡು ಸದ್ದು ಯಾವ ದಿಕ್ಕಿನಿಂದ ಬಂತೆಂಬುದೇ ತಿಳಿಯದಂತಾಗುತ್ತದೆ. ಕಾಣದ, ಮುನ್ಸೂಚನೆಯಿಲ್ಲದ, ದಿಕ್ಕು ತಿಳಿಯದ ಸದ್ದಿಗೆ ಪ್ರಾಣಿಯ ಸಹಜ ಉತ್ತರ ಒಂದೇ: ಓಡುವುದು.

ಅಪಾಯವಿರುವುದು ಈ ಓಟದಲ್ಲಿಯೇ. ಕೊಳ್ಳೇಗಾಲದ ಪೇಟೆಯಲ್ಲಿ ಬೆದರಿ ಓಡಿದ ನಾಯಿ ವಾಹನಕ್ಕೆ ಸಿಕ್ಕೀತು. ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಓಡಿದ ನಾಯಿ ಕಾಡಿಗೆ ನುಗ್ಗೀತು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟದ ಅರಣ್ಯ 2013ರಿಂದ ವನ್ಯಜೀವಿಧಾಮ. ಅಲ್ಲಿನ ಚಿರತೆಗೆ ನಾಯಿ ಸುಲಭವಾದ ಬೇಟೆ. ಲಸಿಕೆ ಹಾಕಿಸದ ನಾಯಿಯಿಂದ ಹುಚ್ಚುನಾಯಿ ರೋಗವೇ ಮೊದಲಾದವು ಕಾಡುಪ್ರಾಣಿಗಳಿಗೆ ಹರಡುವ ಭಯವೂ ಉಂಟು.

ನಾವು ಮಾಡಬೇಕಾದುದು

ಹೊತ್ತು ಮುಳುಗುವ ಮೊದಲೇ ನಾಯಿಯನ್ನು ಹೊರಗೆ ತಿರುಗಾಡಿಸಿ, ಊಟವಿಟ್ಟು, ಒಳಗಿನ ಕೋಣೆಗೆ ಸೇರಿಸಬೇಕು. ಅಂಗಳದ ಕಂಬಕ್ಕೆ ಸರಪಳಿಯಿಂದ ಬಿಗಿಯುವುದು ಸಲ್ಲದು. ಬೆದರಿದ ಪ್ರಾಣಿ ಸರಪಳಿಯನ್ನು ಜಗ್ಗಿ ಕೊರಳಿಗೆ ಗಾಯ ಮಾಡಿಕೊಳ್ಳುತ್ತದೆ.

ಕೋಣೆಯ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ಒಳ್ಳೆಯ ಇಟ್ಟಿಗೆಯ ಗೋಡೆ 45 ಡೆಸಿಬೆಲ್‌ನಷ್ಟು ಶಬ್ದವನ್ನು ತಡೆಯಬಲ್ಲುದು. ಆದರೆ ಆ ಗೋಡೆಯ ಹತ್ತನೆಯ ಒಂದು ಭಾಗದಷ್ಟು ಕಿಟಕಿ ತೆರೆದಿದ್ದರೆ ಒಟ್ಟು ತಡೆ ಕೇವಲ 10 ಡೆಸಿಬೆಲ್‌ಗೆ ಇಳಿಯುತ್ತದೆ. ನೂರನೆಯ ಒಂದು ಭಾಗದ ಸಂದಿಯಿದ್ದರೂ 20ಕ್ಕೆ ಇಳಿಯುತ್ತದೆ. ಗೋಡೆಯ ದಪ್ಪಕ್ಕಿಂತ ಸಂದಿಯನ್ನು ಮುಚ್ಚುವುದೇ ಮುಖ್ಯ. ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿರಿ. ಹೆಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದ ಸದ್ದು ಇಳಿಯುವುದರಿಂದ ಅಟ್ಟದ ಕೆಳಗಿನ ಮೂಲೆ ಲೇಸು. ನೆಲಕ್ಕೆ ಕಂಬಳಿ ಹಾಸಿದರೆ ಕೋಣೆಯೊಳಗಿನ ಮಾರ್ದನಿ ತಗ್ಗುತ್ತದೆ. ಫ್ಯಾನ್ ಅಥವಾ ರೇಡಿಯೋದ ಒಂದೇ ಸಮನಾದ ಸದ್ದಿದ್ದರೆ ಹೊರಗಿನ ಚಿಕ್ಕಪುಟ್ಟ ಸಿಡಿತಗಳು ಅದರಲ್ಲಿ ಮುಳುಗಿಹೋಗುತ್ತವೆ.

ಮಂಚದ ಕೆಳಗೆ ಅಡಗಿದ ನಾಯಿಯನ್ನು ಹೊರಗೆ ಎಳೆಯಬೇಡಿರಿ. ಹತ್ತಿರ ಬಂದರೆ ಮೈ ಸವರಿ ಸಮಾಧಾನಪಡಿಸಿರಿ. ಮುದ್ದಿಸಿದರೆ ಭಯ ಹೆಚ್ಚುತ್ತದೆಂಬ ಮಾತು ನಿಜವಲ್ಲ. ಅತಿಯಾಗಿ ಜೊಲ್ಲು ಸುರಿಸುವ, ಗೋಡೆ ಬಾಗಿಲು ಕೆರೆಯುವ ನಾಯಿಯನ್ನು ಹಬ್ಬಕ್ಕೆ ಮೊದಲೇ ಪಶುವೈದ್ಯರಿಗೆ ತೋರಿಸಬೇಕು. ಮನುಷ್ಯರ ನಿದ್ರೆಮಾತ್ರೆಯನ್ನು ಎಂದಿಗೂ ಕೊಡಕೂಡದು.

ತಿಂಡಿಯಲ್ಲಿಯೂ ಎಚ್ಚರ ಬೇಕು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಬೀಳುವುದರಿಂದ ವಿಷವಾಗುತ್ತದೆ. ಒಣದ್ರಾಕ್ಷಿ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ಆದುದರಿಂದ ಪಾಯಸ ಬೇಡ. ಹ್ಯಾಲೋವೀನಿನ ವೇಷವನ್ನು ಅನುಕರಿಸುವವರಿಗೂ ಒಂದು ಮಾತು: ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಅದು ತನ್ನ ಮೈಯನ್ನು ತಂಪು ಮಾಡಿಕೊಳ್ಳಬೇಕು. ದಪ್ಪ ಬಟ್ಟೆ ಅದಕ್ಕೆ ಹಿಂಸೆ.

ನೆರೆಹೊರೆಯ ಧರ್ಮ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಸುಡಕೂಡದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಎರಡು ಗಂಟೆಗಳನ್ನು ಗೊತ್ತುಮಾಡಿ, ಹಸಿರು ಪಟಾಕಿಯನ್ನು ಮಾತ್ರ ಒಪ್ಪಿತು. ಆದರೆ ಹಸಿರು ಪಟಾಕಿಯೆಂದರೆ ಹೊಗೆ ಕಡಿಮೆಯಾದುದೇ ಹೊರತು ಸದ್ದಿಲ್ಲದುದಲ್ಲ.

ಮಕ್ಕಳ ಸಂತೋಷವನ್ನು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಸುರುಸುರುಬತ್ತಿ, ಹೂಕುಂಡಗಳ ಬೆಳಕು ಕಣ್ಣಿಗೆ ಹಬ್ಬವೇ ಸರಿ. ಆನೆಪಟಾಕಿ, ಸರಪಟಾಕಿಗಳನ್ನು ಬಿಟ್ಟರೆ ಹಬ್ಬದ ಬೆಳಕೇನೂ ಕುಂದದು. ಸುಡಲೇಬೇಕೆಂದರೆ ಊರ ಹೊರಗಿನ ಒಂದೇ ಬಯಲಿನಲ್ಲಿ, ಗೊತ್ತಾದ ಹೊತ್ತಿನಲ್ಲಿ ಎಲ್ಲರೂ ಕೂಡಿ ಸುಡಬಹುದು. ದೂರ ನಾಲ್ಕರಷ್ಟಾದರೆ 12 ಡೆಸಿಬೆಲ್ ಇಳಿಯುವುದೆಂಬ ಲೆಕ್ಕವನ್ನು ಮೇಲೆ ಕಂಡೆವಷ್ಟೆ. ಆ ಲಾಭ ನಾಯಿಗೆ ಮಾತ್ರವಲ್ಲ. ತೊಟ್ಟಿಲ ಕೂಸಿಗೂ, ಹಾಸಿಗೆ ಹಿಡಿದ ವೃದ್ಧರಿಗೂ ಸಲ್ಲುತ್ತದೆ. ವರ್ಷವಿಡೀ ರಾತ್ರಿಯ ಸದ್ದುಗಳನ್ನು ಆಲಿಸಿ ನಮ್ಮ ಮನೆ ಕಾಯುವ ಕಿವಿಯನ್ನು ಮೂರು ರಾತ್ರಿ ನಾವು ಕಾಯುವುದು ದೊಡ್ಡ ಮಾತೇನಲ್ಲ.