ಸಾಲದ ಸಂಗ್ರಹವೂ ಇಚ್ಛಾಪರಿಮಾಣವೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕೊನೆಯದು. ಈ ವ್ರತವನ್ನು ಸ್ವೀಕರಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಪಾತ್ರೆ ಪದಾರ್ಥ, ಬಟ್ಟೆಬರೆ ಇವುಗಳಿಗೆ ಮಿತಿ ಹಾಕಿಕೊಂಡು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಅಂತಹ ಹಲವು ಪುಸ್ತಕಗಳನ್ನು ನಾನು ನೋಡಿದ್ದೇನೆ. ಕೆಲವನ್ನು ಹಿರಿಯರು ಕೇಳಿದುದರಿಂದ ನಾನೇ ಬರೆದುಕೊಟ್ಟಿದ್ದೇನೆ. ಎರಡು ಸಂಗತಿಗಳು ಮಾತ್ರ ಅವುಗಳಲ್ಲಿ ಕಾಣಿಸುವುದೇ ಇಲ್ಲ. ಒಂದು, ಮಾಡಿದ ಸಾಲ. ಇನ್ನೊಂದು, ಹವ್ಯಾಸವೆಂದು ಕೂಡಿಟ್ಟ ವಸ್ತುಗಳು.

ಹವ್ಯಾಸವನ್ನು ಯಾರೂ ಪರಿಗ್ರಹವೆಂದು ಎಣಿಸುವುದಿಲ್ಲ. ಅಂಚೆಚೀಟಿ, ಹಳೆಯ ನಾಣ್ಯ, ಕೈಗಡಿಯಾರ, ಮಸಿಪೆನ್ನು, ಹಳೆಯ ಪುಸ್ತಕ ಇವು ಸಪ್ತವ್ಯಸನಗಳ ಪಟ್ಟಿಯಲ್ಲಿಲ್ಲ. ಜೂಜಲ್ಲ, ಮದ್ಯವಲ್ಲ, ಸಂಜೆ ಮನೆಯಲ್ಲಿಯೇ ಕುಳಿತು ಮಾಡುವ ಸಾತ್ತ್ವಿಕ ಕಾರ್ಯ. ಇದರಲ್ಲಿ ಜ್ಞಾನವಿದೆ ಎಂಬ ಸಮಾಧಾನ ಬೇರೆ. ಈ ಸಮಾಧಾನವೇ ಅಪಾಯಕಾರಿ ಎಂಬುದನ್ನು ಸ್ವಾನುಭವದಿಂದ ಬಲ್ಲವನು ನಾನು. ಅದನ್ನು ಮುಂದೆ ಹೇಳುವೆನು; ಮೊದಲು ಶಾಸ್ತ್ರದ ಮಾತನ್ನು ನೋಡೋಣ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನೇ ಎತ್ತುವುದಿಲ್ಲ. ಮೂರ್ಛೆಯನ್ನು, ಎಂದರೆ ಇದು ನನ್ನದೆಂಬ ಮಮತೆಯ ಮಂಪರನ್ನು, ಪರಿಗ್ರಹವೆನ್ನುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ವಾಚಕರು ಈ ಹೆಸರಿನ ಮೇಲೆ ತುಸು ಹೊತ್ತು ನಿಲ್ಲಬೇಕು. ಅಳತೆಗೆ ಒಳಗಾಗಬೇಕಾದುದು ಇಚ್ಛೆ. ಕೈಯಲ್ಲಿರುವ ಹಣದಿಂದ ಕೊಳ್ಳುವವನ ಇಚ್ಛೆಗೆ ಅವನ ಚೀಲವಾದರೂ ಒಂದು ಎಲ್ಲೆಯನ್ನು ಹಾಕುತ್ತದೆ. ಸಾಲ ಮಾಡಿ ಕೊಳ್ಳುವವನಿಗೆ ಆ ಎಲ್ಲೆಯೂ ಇಲ್ಲ. ಅವನು ತನ್ನ ದ್ರವ್ಯವನ್ನು ಮೀರಿ, ಇನ್ನೂ ದುಡಿಯದ ದ್ರವ್ಯಕ್ಕೆ ಕೈಹಾಕಿರುತ್ತಾನೆ. ಹಾಗಾದರೆ ಸಾಲದ ವಸ್ತುವನ್ನು ವ್ರತದ ಲೆಕ್ಕದಲ್ಲಿ ಹೇಗೆ ಹಿಡಿಯಬೇಕು? ಬೆಲೆ ಇನ್ನೂ ಸಂದಿಲ್ಲವಾದ್ದರಿಂದ ಅದು ನನ್ನದಲ್ಲ, ಮಿತಿ ಮೀರಿಲ್ಲ ಎಂದು ಒಬ್ಬರು ನನ್ನೊಡನೆ ವಾದಿಸಿದ್ದರು. ಈ ವಾದ ನಿಲ್ಲುವುದಿಲ್ಲ. ಮೂರ್ಛೆಯು ಪೂರ್ತಿಯಾಗಿ ಬಂದಿರುವಾಗ ಬೆಲೆ ಅರ್ಧ ಬಾಕಿಯಿದೆಯೆಂದು ಪರಿಗ್ರಹವೂ ಅರ್ಧವಾಗುವುದೇ?

ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೂ ಕೊನೆಯದೂ ಎತ್ತುಗಳನ್ನು ಶಕ್ತಿಮೀರಿ ದುಡಿಸುವ, ಹೊರೆ ಹೊರಿಸುವ ವಿಷಯದವು. ನಮಗಿಲ್ಲಿ ಮುಖ್ಯವಾದುದು ನಡುವಣ ಮೂರು. ಅದರಲ್ಲಿಯೂ ವಿಸ್ಮಯ. ಪ್ರಭಾಚಂದ್ರರ ಟೀಕೆಯು ಇದನ್ನು ವ್ಯಾಪಾರದ ಲಾಭದ ಸಂದರ್ಭದಲ್ಲಿ ವಿವರಿಸಿ ವಿಷಾದವನ್ನೂ ಇದರೊಳಗೆ ಸೇರಿಸುತ್ತದೆ. ಸಂಗ್ರಾಹಕರ ಕೂಟಕ್ಕೆ ಒಮ್ಮೆ ಹೋದವರಿಗೆ ಈ ಪದದ ಅರ್ಥ ಟೀಕೆಯಿಲ್ಲದೆಯೇ ತಿಳಿಯುತ್ತದೆ. ಇನ್ನೊಬ್ಬನ ಪೆಟ್ಟಿಗೆಯಲ್ಲಿರುವುದು ನಮ್ಮ ಪೆಟ್ಟಿಗೆಯಲ್ಲಿಲ್ಲವೆಂದು ಕಂಡಾಗ ಬಾಯಿಂದ ಪ್ರಶಂಸೆಯೂ ಎದೆಯಲ್ಲಿ ಉರಿಯೂ ಒಟ್ಟಿಗೆ ಹೊರಡುತ್ತವೆ.

ಪರಿಗ್ರಹಕ್ಕೆ ದೃಷ್ಟಾಂತವಾಗಿ ಅದೇ ಗ್ರಂಥದಲ್ಲಿ ಹೆಸರಿಸಿರುವ ಶ್ಮಶ್ರುನವನೀತನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಸಂಗ್ರಹಿಸುತ್ತ ಒಂದು ಮಡಕೆ ತುಪ್ಪ ಮಾಡಿದವನು. ಆ ಮಡಕೆಯನ್ನು ಕಾಲ ದೆಸೆಗೆ ತೂಗುಹಾಕಿ, ಚಳಿಗೆ ಬೆಂಕಿಯಿಟ್ಟುಕೊಂಡು ಮಲಗಿದವನು. ತುಪ್ಪ ಮಾರಿ ವ್ಯಾಪಾರ, ವ್ಯಾಪಾರದಿಂದ ಸಾಮಂತಪದವಿ, ಅಲ್ಲಿಂದ ಚಕ್ರವರ್ತಿತ್ವ, ಕಾಲೊತ್ತುವ ಸ್ತ್ರೀರತ್ನ ಎಂದು ನೆನೆಯುತ್ತ, ಒತ್ತಲು ಬಾರದೆಂದು ಅವಳನ್ನು ಪ್ರೀತಿಯಿಂದ ಒದೆದನು. ಮಡಕೆ ಬೆಂಕಿಯ ಮೇಲೆ ಬಿದ್ದಿತು, ಉರಿದು ಸತ್ತನು. ಮಕ್ಕಳು ನಗುತ್ತಾರೆ. ಆದರೆ ಅವನ ಕೈಯಲ್ಲಿದ್ದುದು ಕೇವಲ ಒಂದು ಮಡಕೆ ತುಪ್ಪ, ಅದೂ ಅವನ ಸ್ವಂತದ್ದು ಎಂಬುದನ್ನು ಮರೆಯಬಾರದು. ಅವನು ಯಾರಿಗೂ ಒಂದು ಕಾಸು ಬಾಕಿಯಿರಲಿಲ್ಲ.

ಲೋಕದ ಚರಿತ್ರೆಯಿಂದ ಒಂದು ನಿದರ್ಶನ. ಇಂಗ್ಲೆಂಡಿನಲ್ಲಿ ಸರ್ ಥಾಮಸ್ ಫಿಲಿಪ್ಸ್ ಎಂಬ ಶ್ರೀಮಂತನಿದ್ದನು. ಜನನ ೧೭೯೨, ಮರಣ ೧೮೭೨. ಬಟ್ಟೆ ತಯಾರಿಸಿ ಹಣ ಗಳಿಸಿದ ತಂದೆಯಿಂದ ಮಿಡ್ಲ್ ಹಿಲ್ ಎಂಬ ಜಹಗೀರು ಅವನಿಗೆ ಬಂದಿತು. ಅವನ ಹವ್ಯಾಸ ಹಸ್ತಪ್ರತಿ ಮತ್ತು ಗ್ರಂಥಗಳ ಸಂಗ್ರಹ. ಲೋಕದಲ್ಲಿರುವ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿ ತನ್ನಲ್ಲಿರಬೇಕೆಂಬುದು ಅವನ ಹಂಬಲ. ಜೀವಮಾನದಲ್ಲಿ ಸುಮಾರು ೬೦,೦೦೦ ಹಸ್ತಪ್ರತಿಗಳನ್ನೂ ಸುಮಾರು ೪೦,೦೦೦ ಮುದ್ರಿತ ಗ್ರಂಥಗಳನ್ನೂ ಕೂಡಿಸಿದನು. ಜಹಗೀರಿನ ಆದಾಯ ಸಾಲಲಿಲ್ಲ. ತಾರುಣ್ಯದಲ್ಲಿಯೇ ಸಾಲಕ್ಕೆ ಬಿದ್ದು, ಮಿತವ್ಯಯಕ್ಕೆಂದು ಸಂಸಾರದೊಡನೆ ಪರದೇಶಕ್ಕೆ ಹೋದನು. ಅಲ್ಲಿಯೂ ಕೊಳ್ಳುವುದನ್ನು ಬಿಡಲಿಲ್ಲ. ೧೮೨೪ರಲ್ಲಿ ಹೇಗ್ ನಗರದಲ್ಲಿ ಮೀರ್ಮನ್ ಸಂಗ್ರಹವು ಹರಾಜಾದಾಗ ಅದರ ಬಹುಭಾಗವನ್ನು ಕೊಂಡನು. ಅವನಿಂದ ಹಣ ಬಾರದೆ ಪುಸ್ತಕದ ವ್ಯಾಪಾರಿಗಳು ಕಷ್ಟಕ್ಕೆ ಸಿಕ್ಕಿದರು. ಮನೆಯಲ್ಲಿ ಊಟದ ಕೋಣೆಯೂ ಗ್ರಂಥಗಳಿಗೆ ಬಲಿಯಾಯಿತು. ಬೆಂಕಿ ಬಿದ್ದರೆ ಹೊತ್ತೊಯ್ಯಲು ಅನುಕೂಲವಾಗಲೆಂದು ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ಇರಿಸಿದ್ದನು. ನಮ್ಮ ಶಾಸ್ತ್ರದ ನೋಕಷಾಯಗಳನ್ನು ಎಣಿಸುತ್ತ ಬಂದರೆ ದೊರೆತಾಗಿನ ರತಿ, ದೊರೆಯದಾಗಿನ ಅರತಿ, ಬೆಂಕಿಯ ಭಯ ಎಲ್ಲವೂ ಆ ಒಂದು ಮನೆಯಲ್ಲಿದ್ದುವು. ತನ್ನ ಇಚ್ಛೆಗೆ ವಿರುದ್ಧವಾಗಿ ಮಗಳನ್ನು ಮದುವೆಯಾದ ಅಳಿಯನು ತನ್ನ ಗ್ರಂಥಾಲಯಕ್ಕೆ ಕಾಲಿಡಕೂಡದೆಂದು ಉಯಿಲಿನಲ್ಲಿ ಬರೆದಿಟ್ಟು ಸತ್ತನು. ೧೮೮೬ರಲ್ಲಿ ಆರಂಭವಾದ ಆ ಸಂಗ್ರಹದ ಹರಾಜು ನೂರು ವರ್ಷ ಕಳೆದರೂ ಮುಗಿದಿರಲಿಲ್ಲ.

ಅವನಿಗೆ ನ್ಯಾಯ ಸಲ್ಲಿಸಬೇಕು. ರದ್ದಿಗೆ ಹೋಗಲಿದ್ದ ಎಷ್ಟೋ ಹಸ್ತಪ್ರತಿಗಳು ಅವನಿಂದ ಉಳಿದುವು. ಆದರೂ ನಮ್ಮ ನಾಡಿನ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಅವನ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಎಲ್ಲ ಪುಸ್ತಕಗಳ ಒಂದೊಂದು ಪ್ರತಿ ತನಗೆ ಬೇಕೆಂದವನು ಅವನು. ಒಂದು ಪುಸ್ತಕದ ಸಾವಿರ ಪ್ರತಿ ಪರರಿಗೆ ಬೇಕೆಂದವಳು ಇವಳು. ಖರ್ಚು ಇಬ್ಬರದೂ ಅಪಾರ. ಆಕೆಯು ವಿನಿಯೋಗಿಸಿದುದು ತನ್ನ ಮನೆತನದ ದ್ರವ್ಯ.

ಪ್ರಾಸಂಗಿಕವಾಗಿ ಒಂದು ಮಾತು. ಜಿನಬಿಂಬಗಳನ್ನೂ ತಾಡವೋಲೆಗಳನ್ನೂ ಅಲಂಕಾರಕ್ಕೆಂದು ಕೊಳ್ಳುವ ಸಂಗ್ರಾಹಕರಿದ್ದಾರೆ. ೧೯೭೨ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ಹಳೆಯ ವಿಗ್ರಹಗಳೂ ಎಪ್ಪತ್ತೈದು ವರ್ಷ ಹಳೆಯ ಹಸ್ತಪ್ರತಿಗಳೂ ಪುರಾವಸ್ತುಗಳೆನಿಸಬಹುದು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಕಾಯಿದೆ ಹಾಗಿರಲಿ, ಯಾವುದೋ ಬಸದಿಯಿಂದ ಕದ್ದು ತಂದುದನ್ನು ಕೊಂಡರೆ ಅದು ಅಚೌರ್ಯವ್ರತದಲ್ಲಿ ತದಾಹೃತಾದಾನವೆಂಬ ಅತಿಚಾರ. ಪೂಜೆಗೆ ಕೊಂಡೆನೆಂದರೂ ದೋಷ ಹೋಗದು.

ಇನ್ನು ನನ್ನ ಸಂಗತಿ. ೧೯೯೪ರಲ್ಲಿ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿಯು ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿದ್ದ, ಆನೆಯ ಚಿತ್ರವುಳ್ಳ ಟಿಪ್ಪುವಿನ ತಾಮ್ರದ ನಾಣ್ಯವನ್ನು ತಂದು ತೋರಿಸಿದನು. ಮಕ್ಕಳಿಗೆ ತೋರಿಸಲೆಂದೇ ನಾನೂ ನಾಣ್ಯಗಳನ್ನು ಕೂಡಿಸಲಾರಂಭಿಸಿದೆನು. ತಾಮ್ರದಿಂದ ಬೆಳ್ಳಿಗೆ, ಬೆಳ್ಳಿಯಿಂದ ವಿಜಯನಗರದ ವರಾಹಗಳಿಗೆ ಬಂದೆನು. ಮೂರೂವರೆ ಗ್ರಾಮಿಗಿಂತ ತುಸು ಕಡಿಮೆ ತೂಕದ, ಬೆರಳ ತುದಿಯಷ್ಟು ಬಂಗಾರ. ದೇವರಾಯನ ಉಮಾಮಹೇಶ್ವರ, ಅಚ್ಯುತರಾಯನ ಗಂಡಭೇರುಂಡ ಎಂದು ಅರಸರ ಅನುಕ್ರಮದಲ್ಲಿ ಜೋಡಿಸುತ್ತ ಹೋದೆನು. ಸಂಗ್ರಾಹಕನ ಮನಸ್ಸು ಇರುವ ನಾಣ್ಯದ ಮೇಲಿರುವುದಿಲ್ಲ, ತಟ್ಟೆಯಲ್ಲಿ ಖಾಲಿಯಿರುವ ಗುಳಿಯ ಮೇಲಿರುತ್ತದೆ. ಒಂದು ಗುಳಿ ತುಂಬಿದೊಡನೆ ಇನ್ನೊಂದರ ನೆನಪು. ಒಂದು ವರಾಹಕ್ಕೆ ಒಂದು ತಿಂಗಳ ಸಂಬಳ ಸಾಲದೆ ಹೋದಾಗ ನೌಕರರ ಸಹಕಾರ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದೆನು. ಸಾಲದ ಉದ್ದೇಶವೆಂಬಲ್ಲಿ ಮನೆ ದುರಸ್ತಿ ಎಂದು ಬರೆದೆನು. ಸತ್ಯಾಣುವ್ರತವನ್ನು ಪಾಠ ಮಾಡುತ್ತಿದ್ದ ಕೈಯೇ ಅದನ್ನು ಬರೆಯಿತು. ಆ ಮಳೆಗಾಲದಲ್ಲಿ ನಮ್ಮ ಅಡಿಗೆಮನೆ ನಿಜವಾಗಿಯೂ ಸೋರುತ್ತಿತ್ತು. ಮುಂದಿನ ಮಳೆಗಾಲದಲ್ಲಿಯೂ ಸೋರಿತು.

೧೯೯೮ರ ವೇಳೆಗೆ ಸಂಘದ ಸಾಲ, ಕೈಗಡಗಳು ಸೇರಿ ಮೂವತ್ತೆರಡು ಸಾವಿರ ರೂಪಾಯಿಗಳಾದುವು. ಕಂತು ತಪ್ಪಿ, ಜಾಮೀನು ನಿಂತಿದ್ದ ಸಹೋದ್ಯೋಗಿಗೆ ನೋಟೀಸು ಹೋಯಿತು. ಅವರು ನನ್ನನ್ನು ಬೈಯಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ತರಗತಿಗೆ ಹೋದರು. ನಾಣ್ಯಗಳನ್ನು ಮಾರಲು ಹೊರಟಾಗ ನಾಲ್ಕು ವರಾಹಗಳಲ್ಲಿ ಒಂದು ಈಚೆಗೆ ಎರಕ ಹೊಯ್ದ ನಕಲಿಯೆಂದು ತಿಳಿಯಿತು. ಅದನ್ನು ಇನ್ನೊಬ್ಬನಿಗೆ ಅಸಲೆಂದೇ ದಾಟಿಸಬಹುದೆಂದು ಹಿತೈಷಿಯೊಬ್ಬರು ಸೂಚಿಸಿದರು. ಅದು ಪ್ರತಿರೂಪಕ ವ್ಯವಹಾರ. ಅಚೌರ್ಯದ ಐದನೆಯ ಅತಿಚಾರ. ಅಷ್ಟರ ಮಟ್ಟಿಗೆ ಬುದ್ಧಿ ಉಳಿದಿತ್ತು. ಬರಿಯ ಬಂಗಾರದ ಬೆಲೆಗೆ ಕರಗಿಸಲು ಕೊಟ್ಟೆನು. ಸಾಲ ಪೂರ್ತಿ ತೀರಲು ೨೦೦೨ನೆಯ ಇಸವಿಯಾಯಿತು.

ಈಗಿನವರ ಕಷ್ಟ ನನ್ನದಕ್ಕಿಂತ ಹೆಚ್ಚಿನದು. ನನಗೆ ಅರ್ಜಿ ಬರೆಯುವ, ಜಾಮೀನುದಾರನನ್ನು ಹುಡುಕುವ ನಾಚಿಕೆಯಾದರೂ ಅಡ್ಡವಿತ್ತು. ಈಗ ಹಾಸಿಗೆಯಲ್ಲಿ ಮಲಗಿಯೇ ಮೊಬೈಲಿನಲ್ಲಿ ಹರಾಜು ಕೂಗಬಹುದು, ಕ್ರೆಡಿಟ್ ಕಾರ್ಡಿನಿಂದ ಹಣ ಕಟ್ಟಬಹುದು. ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರರಂತೆ, ಕೆಲವೆಡೆ ಅದಕ್ಕೂ ಹೆಚ್ಚಾಗಿ ಬಡ್ಡಿ ಬೀಳುತ್ತದೆ. ಮೂರು ಎಂಬುದು ಸಣ್ಣ ಸಂಖ್ಯೆಯಾಗಿ ಕಾಣುವುದರಿಂದ ಲೆಕ್ಕ ಮಾಡಿ ತೋರಿಸುವೆನು. ಒಂದು ಲಕ್ಷ ರೂಪಾಯಿ ಬಾಕಿಯನ್ನು ಮುಟ್ಟದೆ ಬಿಟ್ಟರೆ ಚಕ್ರಬಡ್ಡಿಯಿಂದ ವರ್ಷಕ್ಕೆ ಸುಮಾರು ೧,೪೨,೫೦೦. ಎರಡು ವರ್ಷಕ್ಕೆ ೨,೦೩,೦೦೦ವನ್ನು ಮೀರುತ್ತದೆ. ತಿಂಗಳಿಗೆ ಐದು ಸಾವಿರ ಕಟ್ಟುತ್ತೇನೆಂದು ನೆಮ್ಮದಿಯಿಂದಿರುವವನು ಮೊದಲ ತಿಂಗಳಲ್ಲಿ ಮೂರು ಸಾವಿರವನ್ನು ಬಡ್ಡಿಗೇ ಕೊಟ್ಟು, ಎರಡು ಸಾವಿರವನ್ನು ಮಾತ್ರ ಅಸಲಿಗೆ ಕೊಟ್ಟಿರುತ್ತಾನೆ.

ಆದುದರಿಂದ ವ್ರತದ ಪುಸ್ತಕವನ್ನು ಬರೆಯುವವರು ಸಂಗ್ರಹದ ವಸ್ತುಗಳಿಗೂ ಒಂದು ಪುಟವನ್ನಿಡಬೇಕೆಂದು ನನ್ನ ಅಭಿಪ್ರಾಯ. ಸಾಲದ ವಸ್ತುವನ್ನು ಪೂರ್ಣ ಬೆಲೆಗೆ ಹಿಡಿದು, ಅದೇ ಪುಟದಲ್ಲಿ ಸಾಲವನ್ನೂ ಮನೆಯವರು ಓದುವಂತೆ ಬರೆಯಬೇಕು. ಬಾಕಿ ತೀರುವವರೆಗೆ ಹೊಸದೊಂದನ್ನೂ ತರುವುದಿಲ್ಲವೆಂದು ಬಸದಿಯಲ್ಲಿ ನಿಯಮ ಹಿಡಿಯುವುದು ಕಠಿನವೇನಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವರು ಅಂದು ಸಂಗ್ರಹದ ಪೆಟ್ಟಿಗೆಯನ್ನು ತೆರೆಯದಿರಲಿ, ಮೊಬೈಲಿನ ಹರಾಜನ್ನು ನೋಡದಿರಲಿ. ಆರಂಭತ್ಯಾಗವೆಂದರೆ ಒಲೆ ಹಚ್ಚದಿರುವುದಷ್ಟೇ ಅಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸವಿದ್ದು, ಆಕಿಂಚನ್ಯದ ದಿನ ಸಂಜೆ ಕಂತಿನ ಮೇಲೆ ಗಡಿಯಾರ ಕೊಂಡವರನ್ನು ಬಲ್ಲೆನು. ಅವರನ್ನು ಹಳಿಯುವ ಯೋಗ್ಯತೆ ನನಗಿಲ್ಲ.

ಏಕೆಂದರೆ ನಮ್ಮ ಮನೆಯಲ್ಲಿಯೂ ಒಂದು ನೋಂಪಿ ನಡೆಯುತ್ತಿತ್ತು. ನನ್ನ ಪತ್ನಿ ೧೯೮೬ರಲ್ಲಿ ಅನಂತನ ನೋಂಪಿಯನ್ನು ಹಿಡಿದಿದ್ದಳು. ಹದಿನಾಲ್ಕನೆಯ ವರ್ಷವಾದ ೧೯೯೯ರ ಭಾದ್ರಪದ ಶುಕ್ಲ ಚತುರ್ದಶಿಗೆ ಉದ್ಯಾಪನೆಯಾಗಬೇಕಿತ್ತು. ನಾನಾಗ ಸಾಲದಲ್ಲಿ ಮುಳುಗಿದ್ದೆನು. ಆಕೆ ಅದರ ಮಾತೆತ್ತಲಿಲ್ಲ, ನಾನು ಕೇಳಲಿಲ್ಲ. ಮರುವರ್ಷದ ಚತುರ್ದಶಿಯಂದು ಮತ್ತೆ ಉಪವಾಸವಿದ್ದುದನ್ನು ಕಂಡು, ಹದಿನಾಲ್ಕು ಮುಗಿಯಿತಲ್ಲವೇ ಎಂದೆನು.

“ಉದ್ಯಾಪನೆಗೆ ಶಕ್ತಿ ಇಲ್ಲದವರು ಇಮ್ಮಡಿ ಕಾಲ ನಡೆಸಬೇಕು ಅಂತ ನೋಂಪಿಯ ವಿಧಿಯಲ್ಲೇ ಇದೆಯಲ್ಲ, ನೀವೇ ಓದಿ ಹೇಳಿದ್ದಿರಿ” ಎಂದಳು. ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ವಿಧಿಯಲ್ಲಿ ಹಾಗೆಯೇ ಇದೆ. ಸಾಲ ತೀರಿದ ಮೇಲೆ ಉದ್ಯಾಪನೆ ಮಾಡೋಣವೆಂದೆನು. ಹಿಡಿದದ್ದು ಹಿಡಿದಾಯಿತು, ನಡುವೆ ಬಿಡುವುದು ಬೇಡವೆಂದಳು.

೨೦೧೩ರ ಭಾದ್ರಪದದಲ್ಲಿ ಉದ್ಯಾಪನೆ ನಡೆಯಿತು. ಆಗ ಆಕೆಗೆ ಐವತ್ತು ದಾಟಿತ್ತು. ಒಂದು ದಿನದ ಉಪವಾಸಕ್ಕೂ ತಲೆ ಸುತ್ತುತ್ತಿತ್ತು. ರತ್ನಕರಂಡಕದ ಹದಿನಾಲ್ಕು ಪ್ರತಿಗಳನ್ನು ತಂದು ಹಂಚಿದೆವು. ಅಂಗಡಿಯವರು ಹಣ ಆಮೇಲೆ ಕೊಡಿ ಎಂದರು. ಆಕೆ ಸೆರಗಿನ ಗಂಟನ್ನು ಬಿಚ್ಚಿ ಅಲ್ಲಿಯೇ ಎಣಿಸಿ ಕೊಟ್ಟಳು.